ಕಲಬುರಗಿಯ ಬಿಸಿಲಿಗೆ ಮೆಮೊರಿ ಫೋಮ್ ಗಾದಿ ಹೊಂದುತ್ತದೆಯೇ? ಕೊಳ್ಳುವ ಮುನ್ನ ನೋಡಬೇಕಾದದ್ದು

ಮೆಮೊರಿ ಫೋಮ್ ಗಾದಿ ಕೊಳ್ಳುವ ವಿಚಾರ ನಮ್ಮ ಕಡೆ ದೀಪಾವಳಿ ರಿಯಾಯಿತಿಯ ಹೊತ್ತಿಗೆ ತಲೆಗೆ ಬರುವುದೇ ಹೆಚ್ಚು. ಹೊರಗೆ ಬಿಸಿಲು ಇಳಿದಿರುತ್ತದೆ, ಅಂಗಡಿಯೊಳಗೆ ಎ.ಸಿ. ಓಡುತ್ತಿರುತ್ತದೆ, ಮೈ ಚೆಲ್ಲಿದರೆ ಗಾದಿ ಮೆತ್ತಗೆ ಒಳಗೆ ಎಳೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಬೇಡ ಎನ್ನುವುದು ಕಷ್ಟ. ಆದರೆ ಹಣ ತೆಗೆಯುವ ಮುನ್ನ, ಮೇ ತಿಂಗಳ ರಾತ್ರಿ ಹತ್ತು ಗಂಟೆಗೆ ನಿಮ್ಮ ಮಲಗುವ ಕೋಣೆ ಹೇಗಿರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ಈ ಗಾದಿ ನಿಮಗೆ ಆಗುತ್ತದೆಯೋ ಇಲ್ಲವೋ ಎಂಬುದರ ಅರ್ಧ ಉತ್ತರ ಅಲ್ಲಿಯೇ ಇದೆ. ಉಳಿದರ್ಧ ನೀವು ಮಲಗುವ ಭಂಗಿ, ನಿಮ್ಮ ತೂಕ, ವಯಸ್ಸು ಮತ್ತು ಗಾದಿಯ ಒಳಗಿನ ಪದರಗಳಲ್ಲಿದೆ. ಜಾಹೀರಾತಿನಲ್ಲಿ ಕಾಣುವ ಕಡಿತದ ದರಕ್ಕೆ ಇದರಲ್ಲಿ ಪಾಲು ಬಹಳ ಕಡಿಮೆ.

ಮೊದಲು, ಅದು ಏನು ಮಾಡುತ್ತದೆ ಎಂದು ತಿಳಿಯಿರಿ

ಮೆಮೊರಿ ಫೋಮ್ ಎಂಬುದು ಪಾಲಿಯುರೆಥೇನ್ ಫೋಮ್‌ನದೇ ಒಂದು ಜಾತಿ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳ ಮೆತ್ತೆಯ ಮೇಲೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಗಾದಿಯಾಗಿ ಮಾರುಕಟ್ಟೆಗೆ ಬಂದದ್ದು ಬಹಳ ತಡವಾಗಿ, 1990ರ ದಶಕದ ಆರಂಭದಲ್ಲಿ, ಸ್ವೀಡನ್‌ನ ಕಂಪನಿಯೊಂದರ ಮೂಲಕ. ಅಂದರೆ ಗಾದಿಯಾಗಿ ಇದು ಮೊದಲು ಬಂದದ್ದು ತಂಪು ನಾಡಿನ ಮನೆಗಳಿಗೆ.

ಸಾಮಾನ್ಯ ಫೋಮ್ ಅನ್ನು ಒತ್ತಿ ಬಿಟ್ಟರೆ ತಟ್ಟನೆ ಪುಟಿದೇಳುತ್ತದೆ. ಮೆಮೊರಿ ಫೋಮ್ ಹಾಗಲ್ಲ. ಅಂಗೈ ಒತ್ತಿ ತೆಗೆದರೆ ಬೆರಳುಗಳ ಅಚ್ಚು ಕೆಲವು ಕ್ಷಣ ಹಾಗೆಯೇ ನಿಂತು, ಆಮೇಲೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಭುಜ, ಸೊಂಟದ ಎಲುಬು, ಹಿಮ್ಮಡಿಯಂಥ ಉಬ್ಬಿದ ಭಾಗಗಳು ಒಳಗಿಳಿದು ಉಳಿದ ಮೈಗೂ ಆಸರೆ ಸಿಗುವುದರಿಂದ ಒಂದೇ ಕಡೆ ಒತ್ತಡ ಬೀಳುವುದಿಲ್ಲ. ಇದು ಅದರ ನಿಜವಾದ ಗುಣ.

ಆ ಗುಣದ ಬೆನ್ನಿಗೇ ಅದರ ತಕರಾರೂ ಇದೆ. ಈ ಫೋಮ್ ಬೆಲ್ಲದ ಹಾಗೆ: ಚಳಿಗೆ ಬಿಗಿಯುತ್ತದೆ, ಸೆಕೆಗೆ ಸಡಿಲಾಗುತ್ತದೆ. ಮೈಯ ಬಿಸಿ ತಾಗಿದರೆ ಮೆತ್ತಗಾಗಬೇಕು ಎಂದೇ ಅದನ್ನು ತಯಾರಿಸಿರುವುದು. ಕೋಣೆಯೇ ಮೈಯಷ್ಟು ಬಿಸಿಯಾಗಿದ್ದರೆ, ನೀವು ಮಲಗುವ ಮೊದಲೇ ಅದು ಮೆತ್ತಗಾಗಿ ಕೂತಿರುತ್ತದೆ. ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಬೀದರ್‌ನ ಡಿಸೆಂಬರ್‌ನಲ್ಲಿ ಅದೇ ಗಾದಿ, ಮಲಗಿದ ಮೊದಲ ಹತ್ತು ನಿಮಿಷ ಹಲಗೆಯಂತೆ ಎನಿಸಿದರೆ ಗಾಬರಿಯಾಗಬೇಡಿ. ಅದು ಕೆಟ್ಟಿಲ್ಲ, ನಿಮ್ಮ ಮೈಬಿಸಿಗೆ ಕಾಯುತ್ತಿದೆ.

ಎರಡನೆಯ ಹೆಜ್ಜೆ: ಗಾದಿಗಿಂತ ಮುಂಚೆ ಕೋಣೆಯನ್ನು ನೋಡಿ

ಏಪ್ರಿಲ್-ಮೇ ಬಂತೆಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಹಗಲಿನ ಉಷ್ಣಾಂಶ 42 ಡಿಗ್ರಿ ದಾಟುವ ಊರಿನಲ್ಲಿ ಬೇರೆ ದಾರಿಯಿಲ್ಲ. ಕಚೇರಿಗೆ ವೇಳೆ ಬದಲಿಸಬಹುದು, ನಿದ್ದೆಗೆ ಬದಲಿಸಲಾಗದು. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ರಾತ್ರಿ ಬಹಳ ಹೊತ್ತಿನವರೆಗೂ ಆ ಬಿಸಿಯನ್ನು ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಮೇಲಿನ ಮಹಡಿಯಲ್ಲಿ ಮಲಗುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಫೋಮ್ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಜೊತೆಗೆ ಮೆಮೊರಿ ಫೋಮ್ ಮೈಗೆ ಅಂಟಿಕೊಂಡಂತೆ ಸುತ್ತುವರಿಯುವುದರಿಂದ, ಬೆನ್ನಿನ ಅಡಿಯಲ್ಲಿ ಗಾಳಿಯಾಡಲು ಸಂದು ಉಳಿಯುವುದಿಲ್ಲ. ಎ.ಸಿ. ಇರುವ ಕೋಣೆಯಲ್ಲಿ ಇದು ದೊಡ್ಡ ಸಮಸ್ಯೆಯಲ್ಲ. ಬರೀ ಫ್ಯಾನ್ ಇರುವ ಕೋಣೆಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಸಮಸ್ಯೆ. ಏರ್ ಕೂಲರ್ ಇಟ್ಟ ಮನೆಗಳದ್ದು ಮಧ್ಯದ ಸ್ಥಿತಿ: ನಮ್ಮ ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ತಂಪು ಮಾಡುತ್ತದೆ ನಿಜ, ಆದರೆ ಗಾಳಿಯಲ್ಲಿ ತೇವವನ್ನೂ ತುಂಬುತ್ತದೆ. ಕಿಟಕಿ ಮುಚ್ಚಿ ಕೂಲರ್ ಓಡಿಸುವ ಅಭ್ಯಾಸವಿದ್ದರೆ ಆ ತೇವ ಗಾದಿಗೂ ಇಳಿಯುತ್ತದೆ.

ಒಂದು ಸುಲಭದ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಈಗಿನ ಹತ್ತಿಯ ಗಾದಿಯ ಮೇಲೆಯೇ ನಡುರಾತ್ರಿ ಎದ್ದು ಮಗ್ಗುಲು ಬದಲಿಸುತ್ತೀರಾ? ದಿಂಬನ್ನು ತಿರುವಿ ತಂಪಾದ ಬದಿ ಹುಡುಕುತ್ತೀರಾ? ಕರೆಂಟ್ ಹೋದರೆ ಚಾಪೆ ಎತ್ತಿಕೊಂಡು ಮಾಳಿಗೆ ಏರುತ್ತೀರಾ? ಹೌದಾದರೆ, ಎ.ಸಿ. ಇಲ್ಲದ ಕೋಣೆಗೆ ಪೂರ್ತಿ ಮೆಮೊರಿ ಫೋಮ್ ಗಾದಿ ತರುವುದು ದುಡ್ಡು ಕೊಟ್ಟು ಸೆಕೆ ಕೊಂಡಂತೆ. ನನ್ನ ಮಟ್ಟಿಗೆ ಇದು ರಾಜಿಯಿಲ್ಲದ ಮಾತು.

ಅಂಗಡಿಯವರು ಇಲ್ಲಿ ಫೋಮ್‌ಗೆ ಸೇರಿಸಿದ ಜೆಲ್‌ನ ಹೆಸರು ತೆಗೆಯುತ್ತಾರೆ. ‘ಸರ್, ಇದು ಕೂಲ್ ಜೆಲ್, ಕೈಯಿಟ್ಟು ನೋಡಿ’ ಎನ್ನುತ್ತಾರೆ. ಕೈಯಿಟ್ಟರೆ ತಣ್ಣಗಿರುವುದು ಸುಳ್ಳಲ್ಲ. ಜೆಲ್ ಮೈಯ ಬಿಸಿಯನ್ನು ಮೊದಮೊದಲು ಹೀರಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಅದೂ ಮೈಯಷ್ಟೇ ಬಿಸಿಯಾಗುತ್ತದೆ. ಆ ಬಿಸಿ ಹೊರಹೋಗಲು ಕೋಣೆ ತಂಪಾಗಿರಬೇಕಲ್ಲ? ರಂಧ್ರಗಳುಳ್ಳ, ಗಾಳಿಯಾಡುವ ಫೋಮ್ ಸ್ವಲ್ಪ ವಾಸಿ. ಆದರೆ ಮೇ ತಿಂಗಳ ಮೇಲಿನ ಮಹಡಿಗೆ ಇವೆರಡೂ ಮದ್ದಲ್ಲ.

ಮೂರನೆಯ ಹೆಜ್ಜೆ: ಹೇಗೆ ಮಲಗುತ್ತೀರಿ, ಯಾರು ಮಲಗುತ್ತೀರಿ

ಮಗ್ಗುಲಾಗಿ ಮಲಗುವವರಿಗೆ ಮೆಮೊರಿ ಫೋಮ್ ಹೇಳಿ ಮಾಡಿಸಿದ ವಸ್ತು. ಗಟ್ಟಿ ಗಾದಿಯ ಮೇಲೆ ಮಗ್ಗುಲಾದಾಗ ಭುಜ ಮತ್ತು ಸೊಂಟದ ಪಕ್ಕದ ಎಲುಬಿನ ಮೇಲೆ ಪೂರ್ತಿ ಭಾರ ಬೀಳುತ್ತದೆ, ಬೆಳಿಗ್ಗೆ ತೋಳು ಜೋಮು ಹಿಡಿದಿರುತ್ತದೆ. ಮೇಲೆ ಎರಡು-ಮೂರು ಇಂಚಿನ ಮೆಮೊರಿ ಪದರವಿದ್ದರೆ ಈ ಕಾಟ ಸಾಕಷ್ಟು ಕಡಿಮೆಯಾಗುತ್ತದೆ.

ಅಂಗಾತ ಮಲಗುವವರಿಗೆ ಮಧ್ಯಮ ಗಟ್ಟಿಯದು ಸರಿ. ಬೋರಲು ಮಲಗುವವರು ಇದರ ತಂಟೆಗೆ ಹೋಗದಿರುವುದೇ ಲೇಸು. ದೇಹದ ನಡುಭಾಗ ಭಾರವಾದ್ದರಿಂದ ಹೊಟ್ಟೆ ಒಳಗಿಳಿದು ಬೆನ್ನು ಕೆಳಕ್ಕೆ ಬಾಗುತ್ತದೆ, ಕೆಲವೇ ದಿನಗಳಲ್ಲಿ ಸೊಂಟ ಹಿಡಿದುಕೊಳ್ಳಬಹುದು.

ತೂಕವೂ ಲೆಕ್ಕಕ್ಕೆ ಬರುತ್ತದೆ. ಐವತ್ತು ಕಿಲೋ ತೂಗುವವರು ತೆಳುವಾದ ಪದರದ ಮೇಲೆಯೇ ಹಾಯಾಗಿ ಮಲಗುತ್ತಾರೆ. ತೊಂಬತ್ತು ದಾಟಿದವರು ಅದೇ ಪದರವನ್ನು ಪೂರ್ತಿ ಒತ್ತಿ ಕೆಳಗಿನ ಪದರಕ್ಕೆ ತಾಗುತ್ತಾರೆ. ಹೀಗಾಗಿ ಗಂಡ ಮೆಚ್ಚಿದ ಗಾದಿ ಹೆಂಡತಿಗೂ ಹಿಡಿಸುತ್ತದೆ ಎಂದುಕೊಳ್ಳಬೇಡಿ. ಇಬ್ಬರೂ ಹೋಗಿ, ಇಬ್ಬರೂ ಮಲಗಿ ನೋಡಿ. ಹೊರಳುವ ಸಂಗಾತಿಯಿಂದ ನಿದ್ದೆ ಕೆಡುವವರಿಗೆ ಮಾತ್ರ ಇದರಲ್ಲಿ ಒಂದು ನಿಜವಾದ ಲಾಭವಿದೆ: ಒಂದು ಬದಿಯ ಅಲುಗಾಟ ಇನ್ನೊಂದು ಬದಿಗೆ ಹೆಚ್ಚು ತಾಗುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ಹೊಲದ ಮೋಟರ್ ಚಾಲೂ ಮಾಡಲು ಹೋಗುವವರ ಮನೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಹಿರಿಯರ ವಿಷಯದಲ್ಲಿ ಎರಡು ಮಾತು. ಮೈಯಲ್ಲಿ ಮಾಂಸ ಕರಗಿ ಎಲುಬು ಎದ್ದು ಕಾಣುವ ವಯಸ್ಸಿನಲ್ಲಿ ಒತ್ತಡ ಹಂಚುವ ಗಾದಿ ಹಿತವೆನಿಸುತ್ತದೆ. ಆದರೆ ಮೊಣಕಾಲು ನೋವಿರುವ ಅವ್ವನಿಗೋ ಅತ್ತೆಗೋ ಅದರಿಂದ ಏಳುವುದೇ ಕಷ್ಟವಾಗಬಹುದು. ಅಂಚಿಗೆ ಸರಿದು ಕೂತರೆ ಅಂಚು ಕುಸಿಯುತ್ತದೆ, ಕೈಯೂರಿದರೆ ಕೈ ಒಳಗಿಳಿಯುತ್ತದೆ. ಅವರಿಗಾಗಿ ಕೊಳ್ಳುವುದಾದರೆ ಅವರನ್ನೇ ಕರೆದುಕೊಂಡು ಹೋಗಿ, ಮಲಗಿಸಿ, ಯಾರ ಸಹಾಯವೂ ಇಲ್ಲದೆ ಎದ್ದು ನಿಲ್ಲಲು ಹೇಳಿ. ಆ ಒಂದು ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ. ಹಾಸಿಗೆ ಹಿಡಿದವರಿಗೆ ಮೆಮೊರಿ ಫೋಮ್ ಸ್ವಲ್ಪ ನೆರವಾದೀತು, ಆದರೆ ಆಗಾಗ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ. ಹಾಸಿಗೆ ಹುಣ್ಣಿನ ಭಯವಿದ್ದರೆ ಏರ್ ಬೆಡ್ ಬೇಕೇ ಎಂದು ವೈದ್ಯರನ್ನೇ ಕೇಳಬೇಕು.

ಒಂದು ವರ್ಷ ತುಂಬದ ಕೂಸನ್ನು ಇದರ ಮೇಲೆ ಮಲಗಿಸಬೇಡಿ. ಮುಖ ಹೂತರೆ ಕೂಸಿಗೆ ಹೊರಳಿಕೊಳ್ಳಲು ಬರುವುದಿಲ್ಲ. ಅದಕ್ಕೆ ಸಮತಟ್ಟಾದ ಗಟ್ಟಿ ಹಾಸೇ ಬೇಕು.

ಬೆನ್ನುನೋವಿನವರಿಗೆ ಪ್ರತ್ಯೇಕವಾಗಿ

ನಮ್ಮಲ್ಲಿ ಬೆನ್ನು ಹಿಡಿದರೆ ಮೊದಲು ಸಿಗುವ ಸಲಹೆ ‘ನೆಲದ ಮೇಲೆ ಮಲಗು’ ಎಂಬುದು. ಶಹಾಬಾದ್ ಕಲ್ಲಿನ ನೆಲದ ಮೇಲೆ ಒಂದು ಕೌದಿ ಹಾಸಿ ಮಲಗಿದರೆ ಬೇಸಿಗೆಯಲ್ಲಿ ತಂಪೇನೋ ಹೌದು, ಬೆನ್ನಿಗೂ ಒಳ್ಳೆಯದು ಎಂಬುದಕ್ಕೆ ಆಧಾರ ಗಟ್ಟಿಯಾಗಿಲ್ಲ. ಸ್ಪೇನ್‌ನಲ್ಲಿ ದೀರ್ಘಕಾಲದ ಸೊಂಟನೋವಿದ್ದ 313 ಜನರ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹಳ ಗಟ್ಟಿ ಗಾದಿಗಿಂತ ಮಧ್ಯಮ ಗಟ್ಟಿಯ ಗಾದಿಯಲ್ಲಿ ಮಲಗಿದವರಿಗೆ ನೋವು ಹೆಚ್ಚು ತಗ್ಗಿತ್ತು. ಅದು ಗಡಸುತನದ ಬಗೆಗಿನ ಮಾತು, ಮೆಮೊರಿ ಫೋಮ್‌ಗೆ ಸಿಕ್ಕ ಪ್ರಮಾಣಪತ್ರವಲ್ಲ. ಮಧ್ಯಮ ಗಡಸುತನ ತೆಂಗಿನ ನಾರಿನ ಗಾದಿಯ ಮೇಲೆ ತೆಳು ಫೋಮ್ ಹಾಕಿದರೂ ಸಿಗುತ್ತದೆ.

ಗಾದಿಯ ಮೇಲೆ ‘ಆರ್ಥೋ’ ಎಂದು ಬರೆದಿದ್ದರೆ ಅದನ್ನು ಡಾಕ್ಟರರ ಚೀಟಿ ಎಂದು ತಿಳಿಯಬೇಡಿ. ಅದು ಮಾರಾಟದ ಮಾತು. ನೋವು ಕಾಲಿನವರೆಗೆ ಇಳಿಯುತ್ತಿದ್ದರೆ, ಪಾದ ಮರಗಟ್ಟುತ್ತಿದ್ದರೆ, ಮೊದಲು ಹೋಗಬೇಕಾದದ್ದು ಎಲುಬು-ಕೀಲು ವೈದ್ಯರ ಬಳಿಗೆ. ಗಾದಿಯ ಅಂಗಡಿ ಆಮೇಲೆ.

ನಾಲ್ಕನೆಯ ಹೆಜ್ಜೆ: ಹೊಟ್ಟೆ ಸೀಳಿ ನೋಡದೆ ಕೊಳ್ಳಬೇಡಿ

ಸೀಳಬೇಕಾಗಿಲ್ಲ, ಜಿಪ್ ತೆಗೆದರೆ ಸಾಕು. ‘ಮೆಮೊರಿ ಫೋಮ್ ಗಾದಿ’ ಎಂದು ಮಾರುವ ಆರು ಇಂಚಿನಲ್ಲಿ ನಿಜವಾದ ಮೆಮೊರಿ ಫೋಮ್ ಒಂದೇ ಇಂಚು ಇರಬಹುದು, ಎರಡಿರಬಹುದು. ಕೆಳಗಿನದು ಆಸರೆಯ ಫೋಮ್. ಇದು ಮೋಸವಲ್ಲ, ಆರು ಇಂಚೂ ಮೆಮೊರಿ ಫೋಮ್ ಆಗಿದ್ದರೆ ನೀವು ಅದರಲ್ಲಿ ಹೂತುಹೋಗುತ್ತೀರಿ. ಮೋಸವಾಗುವುದು ಪದರಗಳ ಅಳತೆ ಮತ್ತು ಸಾಂದ್ರತೆಯನ್ನು ಹೇಳದಿದ್ದಾಗ.

ಸಾಂದ್ರತೆ ಎಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಮೆಮೊರಿ ಪದರಕ್ಕೆ 50ರ ಆಸುಪಾಸು ಅಥವಾ ಹೆಚ್ಚಿದ್ದರೆ ಬಾಳಿಕೆ ಬರುತ್ತದೆ. ಅದಕ್ಕಿಂತ ತೀರ ಕಡಿಮೆಯಿದ್ದರೆ ಸೊಂಟ ಇಡುವ ಜಾಗದಲ್ಲಿ ಬೇಗ ಗುಳಿ ಬೀಳುತ್ತದೆ. ಹೆಚ್ಚು ಸಾಂದ್ರತೆಯದು ಬಿಸಿಯನ್ನೂ ಹೆಚ್ಚು ಹಿಡಿಯುತ್ತದೆ ಎಂಬ ಕೊಂಕು ಇದ್ದೇ ಇದೆ. ಕೆಳಗಿನ ಆಸರೆಯ ಫೋಮ್‌ಗೆ 32ರಿಂದ 40 ಇದ್ದರೆ ಸಾಕು.

ಈ ಅಂಕಿಗಳನ್ನು ನೀವೇ ತಾಳೆ ನೋಡಬಹುದು. 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಗಾದಿಯ ಗಾತ್ರ ಸುಮಾರು 0.46 ಘನ ಮೀಟರ್. ಮೇಲಿನ 2 ಇಂಚು 50ರ ಸಾಂದ್ರತೆಯಲ್ಲಿ ಸುಮಾರು 7.7 ಕಿಲೋ, ಕೆಳಗಿನ 4 ಇಂಚು 35ರ ಸಾಂದ್ರತೆಯಲ್ಲಿ ಸುಮಾರು 10.7 ಕಿಲೋ. ಒಟ್ಟು 18 ಕಿಲೋದ ಮೇಲೆ, ಹೊದಿಕೆಯ ತೂಕ ಬೇರೆ. ಅಂಥ ಗಾದಿ ಎಂದು ಹೇಳಿ ಕೊಟ್ಟದ್ದು 13 ಕಿಲೋ ತೂಗಿದರೆ ಎಲ್ಲೋ ಲೆಕ್ಕ ತಪ್ಪಿದೆ. ಸುರುಳಿ ಸುತ್ತಿ ಬರುವ ಗಾದಿಗಳ ಪೆಟ್ಟಿಗೆಯ ಮೇಲೆ ತೂಕ ಬರೆದಿರುತ್ತದೆ. ಬರೆದಿಲ್ಲದಿದ್ದರೆ, ತೊಗರಿ ಚೀಲ ತೂಗುವ ಕಾಟಾಗಳಿಗೆ ನಮ್ಮ ಊರಿನಲ್ಲಿ ಬರವೇ? ಅಂಗಡಿಯವರು ನಕ್ಕರೆ ನಗಲಿ.

ಹೊಸ ಗಾದಿಯಿಂದ ರಾಸಾಯನಿಕದ ವಾಸನೆ ಬರುವುದು ಸಾಮಾನ್ಯ. ಕಿಟಕಿ ತೆರೆದು ಎರಡು-ಮೂರು ದಿನ ಬಿಟ್ಟರೆ ಹೋಗುತ್ತದೆ. ದಮ್ಮು, ಅಲರ್ಜಿ ಇರುವ ಮನೆಯಾದರೆ ಹಾನಿಕರ ರಾಸಾಯನಿಕಗಳಿಗಾಗಿ ಪರೀಕ್ಷಿಸಿ ಕೊಡುವ ಸರ್ಟಿಪುರ್ ಅಥವಾ ಓಕೋ-ಟೆಕ್ಸ್ ಪ್ರಮಾಣಪತ್ರವಿದೆಯೇ ಎಂದು ಕೇಳಿ ನೋಡಿ.

ಐದನೆಯ ಹೆಜ್ಜೆ: ಅಂಗಡಿಯಲ್ಲಿ ಮಲಗುವುದು

ಅಂಚಿನ ಮೇಲೆ ಕೂತು ಎರಡು ಸಲ ಪುಟಿದು ‘ಪರವಾಗಿಲ್ಲ’ ಎನ್ನುವುದು ಪರೀಕ್ಷೆಯಲ್ಲ. ಚಪ್ಪಲಿ ಬಿಟ್ಟು, ಮನೆಯಲ್ಲಿ ಮಲಗುವ ಭಂಗಿಯಲ್ಲಿಯೇ ಕನಿಷ್ಠ ಹದಿನೈದು ನಿಮಿಷ ಮಲಗಿ. ಮೈಬಿಸಿ ಒಳಗಿಳಿಯಲು ಅಷ್ಟು ಹೊತ್ತು ಬೇಕು. ಮೊದಲ ನಿಮಿಷದ ಗಾದಿಯೇ ಬೇರೆ, ಹದಿನೈದನೆಯ ನಿಮಿಷದ್ದೇ ಬೇರೆ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಗದ್ದಲದಲ್ಲಿ ಹಾಗೆ ಮಲಗಲು ನಾಚಿಕೆಯಾಗುತ್ತದೆ ಎಂದರೆ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಹೋಗಿ. ಬಿಸಿಲಿಗೆ ಗಿರಾಕಿಗಳು ವಿರಳ.

ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿ. ಕೈ ಸರಾಗವಾಗಿ ಆಚೆ ದಾಟಿದರೆ ಗಾದಿ ನಿಮಗೆ ಗಟ್ಟಿ. ತೂರಿಸಲಿಕ್ಕೇ ಆಗದಿದ್ದರೆ ಮೆತ್ತಗೆ. ಆಮೇಲೆ ಮಗ್ಗುಲಾಗಿ, ಜೊತೆಗೆ ಬಂದವರಿಗೆ ಬೆನ್ನಹುರಿ ನೇರವಾಗಿದೆಯೇ ನೋಡಲು ಹೇಳಿ. ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿ. ಹೊರಳುವಾಗ ಗುಂಡಿಯಿಂದ ಎದ್ದು ಬರುವಂತೆ ಶ್ರಮವಾದರೆ ರಾತ್ರಿ ಅದು ಎಚ್ಚರ ತರುತ್ತದೆ.

ಒಂದು ವಿಷಯ ಮರೆಯಬೇಡಿ: ಅಂಗಡಿಯ 24 ಡಿಗ್ರಿಯಲ್ಲಿ ಸರಿಯೆನಿಸಿದ ಗಾದಿ ನಿಮ್ಮ ಮನೆಯ 34 ಡಿಗ್ರಿಯಲ್ಲಿ ಇನ್ನೂ ಮೆತ್ತಗಾಗುತ್ತದೆ. ಆದ್ದರಿಂದ ಎ.ಸಿ. ಇಲ್ಲದ ಮನೆಯವರು ಅಂಗಡಿಯಲ್ಲಿ ತುಸು ಗಟ್ಟಿ ಎನಿಸುವುದನ್ನೇ ಆರಿಸಬೇಕು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಸಿಗುವ 100 ರಾತ್ರಿಗಳ ಪರೀಕ್ಷಾ ಅವಧಿ ಒಳ್ಳೆಯ ಸೌಲಭ್ಯ. ಆದರೆ ಲೆಕ್ಕ ಹಾಕಿ ನೋಡಿ. ಅಕ್ಟೋಬರ್ ನಡುವೆ ಬಂದ ಗಾದಿಯ ನೂರು ರಾತ್ರಿ ಜನವರಿಯಲ್ಲಿಯೇ ಮುಗಿಯುತ್ತದೆ, ಬೇಸಿಗೆಯ ಸುಳಿವೂ ಇಲ್ಲದ ಹೊತ್ತಿಗೆ. ಮಾರ್ಚ್ ನಡುವೆ ತರಿಸಿದರೆ ಕಲಬುರಗಿಯ ಪೂರ್ತಿ ಬೇಸಿಗೆ ಆ ಅವಧಿಯೊಳಗೇ ಬೀಳುತ್ತದೆ. ಹಬ್ಬದ ರಿಯಾಯಿತಿ ತಪ್ಪಬಹುದು, ತಪ್ಪಲಿ. ತರಿಸುವ ಮುನ್ನ ನಿಮ್ಮ ಪಿನ್‌ಕೋಡ್‌ನಿಂದ ಗಾದಿಯನ್ನು ವಾಪಸ್ ಒಯ್ಯುತ್ತಾರೆಯೇ ಎಂದು ಬರಹದಲ್ಲಿ ಕೇಳಿಕೊಳ್ಳಿ. ನಗರಕ್ಕೆ ತಂದುಕೊಡುವವರೆಲ್ಲ ಆಳಂದ, ಸುರಪುರ, ಔರಾದ್ ಕಡೆಯ ಹಳ್ಳಿಯಿಂದ ಹೊತ್ತೊಯ್ಯಲು ಬರುತ್ತಾರೆ ಎಂದು ನಂಬಿ ಕೂಡಬೇಡಿ. ಸುತ್ತಿ ಬಂದ ಗಾದಿ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಆ ಪೆಟ್ಟಿಗೆಗೆ ಹೋಗುವುದಿಲ್ಲ.

ಪೂರ್ತಿ ಗಾದಿಯೇ ಬೇಕೇ?

ನಮ್ಮ ಭಾಗದ ಬಹಳ ಮನೆಗಳಿಗೆ ಉತ್ತರ ‘ಬೇಡ’ ಎಂದೇ ನನ್ನ ಅನಿಸಿಕೆ. ಈಗಿರುವ ಗಾದಿ ಗುಳಿ ಬೀಳದೆ ಸಮತಟ್ಟಾಗಿದ್ದು, ಗಟ್ಟಿ ಎಂಬುದಷ್ಟೇ ದೂರಾದರೆ, ಅದರ ಮೇಲೆ ಹಾಸುವ ಎರಡು ಇಂಚಿನ ಮೆಮೊರಿ ಫೋಮ್ ಟಾಪರ್ ಸಾಕು. ಬೆಲೆ ಪೂರ್ತಿ ಗಾದಿಯ ಒಂದು ಭಾಗ ಮಾತ್ರ. ಮುಖ್ಯವಾಗಿ, ಏಪ್ರಿಲ್ ಬಂದಾಗ ಸುತ್ತಿ ಬದಿಗಿಟ್ಟು ಮತ್ತೆ ಹತ್ತಿಯ ಮೇಲೆ ಮಲಗಬಹುದು. ಕೆಳಗಿನ ಗಾದಿಯೇ ಕುಸಿದಿದ್ದರೆ ಮಾತ್ರ ಟಾಪರ್ ವ್ಯರ್ಥ, ಅದೂ ಜೊತೆಗೆ ಕುಸಿಯುತ್ತದೆ.

ಹತ್ತಿಯ ಗಾದಿಯನ್ನು ಹಳೆಯ ಕಾಲದ್ದೆಂದು ತಳ್ಳಬೇಡಿ. ಗಂಟುಗಟ್ಟಿದಾಗ ಹಿಂಜಿಸಿ, ಬೇಕಾದರೆ ಎರಡು ಕಿಲೋ ಹೊಸ ಹತ್ತಿ ಸೇರಿಸಿ ಮತ್ತೆ ಹೊಲಿಸಿದರೆ ಹೊಸದೇ ಆಗುತ್ತದೆ. ಫೋಮ್‌ಗೆ ಈ ಎರಡನೆಯ ಜನ್ಮವಿಲ್ಲ. ಸೆಕೆಯೇ ಮುಖ್ಯ ಚಿಂತೆಯಾದರೆ ನಾರಿನ ಗಾದಿ, ಪಾಕೆಟ್ ಸ್ಪ್ರಿಂಗ್ ಗಾದಿಗಳಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ. ರಬ್ಬರ್ ಮರದ ಹಾಲಿನಿಂದ ಮಾಡುವ ನೈಸರ್ಗಿಕ ಲೇಟೆಕ್ಸ್ ಮೆತ್ತಗೂ ಇದ್ದು ಕಡಿಮೆ ಬಿಸಿಯಾಗುತ್ತದೆ, ಜೇಬು ಒಪ್ಪಬೇಕಷ್ಟೆ.

ತಂದ ಮೇಲೆ

ಬಿಸಿಲಿಗೆ ಹಾಕಬೇಡಿ. ಹತ್ತಿಯ ಗಾದಿಯನ್ನು ಮಾಳಿಗೆಯ ಮೇಲೆ ಒಣಗಿಸಿ ಬಡಿಯುವ ರೂಢಿ ನಮ್ಮ ಕೈಗೆ ಹತ್ತಿದೆ, ಆದರೆ ನೇರ ಬಿಸಿಲು ಪಾಲಿಯುರೆಥೇನ್ ಅನ್ನು ಹಳದಿಗಟ್ಟಿಸಿ ಪುಡಿಪುಡಿಯಾಗಿಸುತ್ತದೆ. ನೆರಳಿನಲ್ಲಿ, ಫ್ಯಾನಿನ ಕೆಳಗೆ ನಿಲ್ಲಿಸಿದರೆ ಸಾಕು. ನೀರು ಸುರಿದು ತೊಳೆಯುವಂತಿಲ್ಲ, ಒಳಗೆ ಹೋದ ನೀರು ಆರುವುದು ಬಹಳ ನಿಧಾನ. ಮೊದಲ ದಿನವೇ ನೀರು ಹಿಡಿಯದ ಹೊದಿಕೆ ಹಾಕಿ. ರಬ್ಬರ್ ಹಾಳೆ ಬೇಡ, ಅದು ಸೆಕೆಯನ್ನು ಇಮ್ಮಡಿಯಾಗಿಸುತ್ತದೆ. ಮೇಲೆ ಹತ್ತಿಯ ಚಾದರವಿರಲಿ.

ಗಾದಿಯನ್ನು ನೇರವಾಗಿ ನೆಲಕ್ಕೆ ಹಾಸಿದರೆ ಅಡಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವಿನ ಸಂದು ಮೂರು ಇಂಚು ಮೀರದಿರಲಿ. ಸಾಮಾನು ತುಂಬುವ ಪೆಟ್ಟಿಗೆ ಮಂಚದ ಪ್ಲೈವುಡ್‌ಗೆ ಬಡಗಿಯಿಂದ ಅಲ್ಲಲ್ಲಿ ರಂಧ್ರ ಕೊರೆಸಿ. ಎರಡು-ಮೂರು ತಿಂಗಳಿಗೊಮ್ಮೆ ತಲೆಯ ಬದಿಯನ್ನು ಕಾಲಿನ ಬದಿಗೆ ತಿರುಗಿಸಿ. ಮೆಮೊರಿ ಪದರ ಒಂದೇ ಮುಖಕ್ಕಿದ್ದರೆ ಗಾದಿಯನ್ನು ಮಗುಚಬಾರದು.

ವಾರಂಟಿ ಕಾಗದವನ್ನು ಕೊಳ್ಳುವಾಗಲೇ ಓದಿ. ಹತ್ತು ವರ್ಷ ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಗುಳಿ ಇಷ್ಟು ಇಂಚು ಮೀರಿದರೆ ಮಾತ್ರ, ಕಲೆ ಇರಕೂಡದು, ಮಂಚ ಸರಿಯಿರಬೇಕು ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಬಿಲ್ಲಿನ ಮೇಲೆ ಪದರಗಳ ಅಳತೆ ಮತ್ತು ಸಾಂದ್ರತೆಯನ್ನು ಬರೆಸಿಕೊಳ್ಳಿ. ಮುಂದೆ ತಕರಾರು ಎದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಎರಡೂ ಕಡೆ ಮೊದಲು ಕೇಳುವುದು ಬಿಲ್ಲನ್ನೇ. ಗುಳಿಯ ಫೋಟೊ ತೆಗೆಯುವಾಗ ಗಾದಿಯ ಅಡ್ಡಕ್ಕೆ ನೇರವಾದ ಕೋಲೊಂದನ್ನು ಇಟ್ಟು, ನಡುವಿನ ಆಳಕ್ಕೆ ಸ್ಕೇಲ್ ನಿಲ್ಲಿಸಿ ತೆಗೆಯಿರಿ. ಬರೀ ಗಾದಿಯ ಫೋಟೊದಲ್ಲಿ ಗುಳಿ ಕಾಣುವುದಿಲ್ಲ.